ಎರಡು ಪದರಿನ ಬಟ್ಟೆ

"ಇನ್ನಾ ಒಂದು ಲೀಟರ್ ಕುಡೀಬೇಕ್ರಿ ಸರ್. ಪಿಶಾಬ್ ತಡ್ಕೊಳ್ಳಕ್ಕ ಆಗಲ್ಲ ಅನ್ನಾತನಕ ಕುಡೀರಿ, ಆಮ್ಯಾಗ ನನಗ ಬಂದು ಹೇಳ್ರಿ," ಎಂದಳು ಕೌಂಟರಿನ ಹುಡುಗಿ ಅರ್ಶಿಯಾ, ಮುಖ ಎತ್ತದೆ, ಹಿಂದೆ ನಿಂತವರ ಹೆಸರನ್ನು ಆಗಲೇ ಬರೆದುಕೊಳ್ಳುತ್ತ.

ಉತ್ತಮ ತಲೆಯಾಡಿಸಿ ಬಂದು ಬೆಂಚಿನ ಮೇಲೆ ಕೂತ. ಔರಾದಿನಿಂದ ಹೊರಡುವಾಗ ಹೆಂಡತಿ ಸುಮನ ತುಂಬಿ ಕೊಟ್ಟ ಬಾಟಲಿ ಬಸ್ಸಿನಲ್ಲೇ ಖಾಲಿಯಾಗಿತ್ತು. ಬೀದರಿನ ಈ ಸ್ಕ್ಯಾನಿಂಗ್ ಸೆಂಟರಿನ ಉದ್ದನೆಯ ಪಡಸಾಲೆಯ ಮೂಲೆಯಲ್ಲಿ ನೀರಿನ ಕೂಲರ್ ಇತ್ತು, ಅದಕ್ಕೆ ಸರಪಳಿಯಲ್ಲಿ ಕಟ್ಟಿದ ಸ್ಟೀಲಿನ ಗ್ಲಾಸು. ಜನ ಹೋಗುತ್ತಿದ್ದರು, ತುಂಬಿಕೊಳ್ಳುತ್ತಿದ್ದರು, ಕೆಲವರು ಮೇಲಿಂದ ಸುರಿದುಕೊಂಡು, ಕೆಲವರು ತುಟಿ ಹಚ್ಚಿ ಕುಡಿದು, ಗ್ಲಾಸನ್ನು ಕೈಬಿಡುತ್ತಿದ್ದರು. ಅದು ಸರಪಳಿಯ ತುದಿಯಲ್ಲಿ ತೂಗಿ ಕೂಲರಿಗೆ ಬಡಿದು ಸಪ್ಪಳ ಮಾಡುತ್ತಿತ್ತು. ಯಾರು ಕುಡಿದರು, ಯಾರ ನಂತರ ಯಾರು ಕುಡಿದರು ಎಂದು ನೋಡುವ ಪುರುಸೊತ್ತು ಅಲ್ಲಿ ಒಬ್ಬರಿಗೂ ಇರಲಿಲ್ಲ. ಉತ್ತಮನಿಗೆ ಗೊತ್ತಿತ್ತು ಇರಲಿಲ್ಲವೆಂದು. ಎದ್ದ, ನಾಲ್ಕು ಹೆಜ್ಜೆ ಹೋದ, ಫ್ಯಾನಿನ ಗಾಳಿ ಎಲ್ಲಿ ಬೀಳುತ್ತದೆಂದು ಹುಡುಕುವವನ ಹಾಗೆ ಮೇಲೆ ನೋಡಿ ಮತ್ತೆ ಬಂದು ಕೂತ. ನಲವತ್ನಾಲ್ಕು ವರ್ಷದ ಮನುಷ್ಯ. ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಮೂತ್ರಪಿಂಡದ ಚಿತ್ರವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬಿಡಿಸಬಲ್ಲವನು. ಒಂದು ಗ್ಲಾಸಿನ ತನಕ ಕೈ ಹೋಗುತ್ತಿಲ್ಲ. ಸುಮನ ಇದ್ದಿದ್ದರೆ ತಾನೇ ತುಂಬಿ ತರುತ್ತಿದ್ದಳು. ಆಕೆ ಭಾಲ್ಕಿಯ ಹಳೆಯ ರಿಪೋರ್ಟಿನ ಝೆರಾಕ್ಸ್ ಮಾಡಿಸಲು ರಸ್ತೆಗೆ ಹೋಗಿದ್ದಳು.

"ಅಲ್ಲಿನ ನೀರು ಸಪ್ಪಗದಾವ್ರಿ ಮಾಸ್ತರ್ರ. ನಮ್ಮೂರ ಭಾಂವಿ ನೀರು ತಂದೀನಿ, ತೊಗೋರಿ."

ಪಕ್ಕದಲ್ಲಿ ಕೂತವನು ತಂಪು ಪಾನೀಯದ ಹಳೆಯ ದೊಡ್ಡ ಬಾಟಲಿಯಿಂದ ತುಟಿ ಹಚ್ಚಿ ನಾಲ್ಕು ಗುಟುಕು ಕುಡಿದು, ಬಾಟಲಿಯ ಬಾಯನ್ನು ಅಂಗೈಯಿಂದ ಒರೆಸಿ, ಇವನ ಕಡೆ ಚಾಚಿದ್ದ. ತಲೆಗೆ ರುಮಾಲು, ಹೆಗಲ ಮೇಲೆ ಕೆಂಪು ಅಂಚಿನ ಟವೆಲ್ಲು, ಮೈಯಿಂದ ಕುರಿಯ ಉಣ್ಣೆಯ ಮಂದ ವಾಸನೆ. ಹೆಸರು ಮಡೆಪ್ಪ ಎಂದೂ, ಎಕಂಬಾದವನೆಂದೂ, ಅರವತ್ತು ಕುರಿ ಇದಾವೆಂದೂ, ಅವನ್ನು ಮಗನಿಗೆ ಬಿಟ್ಟು ಬಂದಿದ್ದೇನೆಂದೂ, ಆ ಮಗ ಮೊಬೈಲು ನೋಡುತ್ತ ಕುರಿಗಳನ್ನು ಯಾರದೋ ತೊಗರಿಯಲ್ಲಿ ಬಿಟ್ಟಿರುತ್ತಾನೆಂದೂ, ಕೇಳುವ ಮೊದಲೇ ಹೇಳಿದ. ನಾನು ಮಾಸ್ತರ ಎಂದು ನಿಮಗೆ ಹೇಗೆ ಗೊತ್ತು ಎಂದು ಉತ್ತಮ ಕೇಳಿದ್ದಕ್ಕೆ, ಜೇಬಿನಲ್ಲಿ ಎರಡು ಪೆನ್ನು ಇದ್ದವರು ಮಾಸ್ತರರು, ಒಂದೇ ಇದ್ದವರು ತಲಾಟಿ, ಇಲ್ಲದವರು ದೊಡ್ಡ ಸಾಹೇಬರು ಎಂದು ನಕ್ಕ. ಊರು ಕೇಳಿದ. ಮೂಲ ಸಂತಪುರ, ಈಗ ಔರಾದ ಎಂದ ಉತ್ತಮ. ಚಾಚಿದ ಬಾಟಲಿಯನ್ನು ತೆಗೆದುಕೊಂಡು ಮೇಲೆತ್ತಿ, ಬಾಯಿ ತೆರೆದು, ಗೇಣುದ್ದ ದೂರದಿಂದ ಸುರಿದುಕೊಂಡ. ಅರ್ಧ ನೀರು ಗದ್ದದ ಮೇಲೆ ಹರಿದು ಅಂಗಿ ತೊಯ್ದಿತು.

"ಬಾಯಿ ಹಚ್ಚಿ ಕುಡೀರಿ. ನೀರು ಹೊಟ್ಟಿಗಿ ಹೋಗ್ಬೇಕೋ ಅಂಗಿಗಿ ಹೋಗ್ಬೇಕೋ?"

ಉತ್ತಮ ಬಾಟಲಿಯ ಬಾಯನ್ನು ನೋಡಿದ. ಅಲ್ಲೊಂದು ಹನಿ ನಿಂತಿತ್ತು. ತುಟಿ ಹಚ್ಚಿದ. ಪ್ಲಾಸ್ಟಿಕ್ಕಿನ ಅಂಚು ಬೆಚ್ಚಗಿತ್ತು, ಇನ್ನೊಬ್ಬರ ಬಾಯಿಯ ಬೆಚ್ಚಗೆ. ಕುಡಿಯುತ್ತಲೇ ಹೋದ. ಮಡೆಪ್ಪ ಬಾಟಲಿ ಇಸಿದುಕೊಂಡು, ಒರೆಸದೆ, ತಾನೂ ಒಂದು ಗುಟುಕು ಕುಡಿದು, ಅದನ್ನು ಇಬ್ಬರ ನಡುವೆ ಬೆಂಚಿನ ಮೇಲಿಟ್ಟ. ಬೇಕಾದಾಗ ಕುಡಿಯಿರಿ, ಇಲ್ಲೇ ಇರುತ್ತದೆ ಎಂದ. ಉತ್ತಮ ಒದ್ದೆ ಗದ್ದವನ್ನು ಅಂಗಿಯ ತೋಳಿನಿಂದ ಒರೆಸಿಕೊಂಡ.

ದಿನಕ್ಕೆ ನೀರು ಎಷ್ಟು ಕುಡಿಯುತ್ತೀರಿ ಎಂದು ಭಾಲ್ಕಿಯ ಡಾಕ್ಟರು ಅನೀಲಕುಮಾರ ಕೇಳಿದ್ದರು. ಆಗಲೂ ಸುಮನ ಪಕ್ಕದಲ್ಲಿದ್ದಳು. ಎರಡು ಮೂರು ಲೀಟರು ಎಂದಿದ್ದ. ಸುಮನ ತಿರುಗಿ ಅವನನ್ನು ನೋಡಿದ್ದಳು. ಅದು ಆರು ತಿಂಗಳ ಹಿಂದಿನ ಮಾತು; ಅದರ ಹಿಂದಿನ ದಿನ ಎಂಟನೇ ಕ್ಲಾಸಿನಲ್ಲಿ ಹಾಜರಿ ಕರೆಯುತ್ತಿರುವಾಗ ಎಡ ಬೆನ್ನಿನಿಂದ ಹೊರಟ ನೋವು ತೊಡೆಯ ಸಂದಿಗೆ ಇಳಿದು, ಹದಿನೇಳನೆಯ ನಂಬರಿಗೆ ಅವನು ಟೇಬಲ್ಲಿನ ಕಾಲು ಹಿಡಿದು ನೆಲಕ್ಕೆ ಕೂತಿದ್ದ. ಹುಡುಗರು ಮೊದಲು ನಕ್ಕಿದ್ದರು. ಸರ್ ಏನೋ ಪ್ರಯೋಗ ತೋರಿಸುತ್ತಿದ್ದಾರೆ ಅಂದುಕೊಂಡಿರಬೇಕು. ಯಾವ ಮಗ್ಗುಲಿಗೆ ಹೊರಳಿದರೂ ಇಳಿಯದ ನೋವು. ಕೂತರೂ ಅಷ್ಟೇ, ನಿಂತರೂ ಅಷ್ಟೇ. ಧೂಳಿನ ನೆಲದ ಮೇಲೆ ಹೊರಳಾಡುತ್ತ ಅವನು ನೋಡಿದ್ದು ಮೊದಲ ಬೆಂಚಿನ ಹುಡುಗಿಯರ ಚಪ್ಪಲಿಗಳನ್ನು. ಭಾಲ್ಕಿಯಲ್ಲಿ ಸುಮನಳ ಅಣ್ಣ ಇದ್ದದ್ದರಿಂದ ಅಲ್ಲಿಗೆ ಹೋಗಿದ್ದರು. ಹರಳು ಒಂಬತ್ತು ಮಿಲಿಮೀಟರ್, ಎಡಗಡೆಯ ಮೂತ್ರನಾಳದಲ್ಲಿ ಸಿಕ್ಕಿಕೊಂಡಿದೆ ಎಂದಿದ್ದರು ಡಾಕ್ಟರು. ಐದರ ತನಕದ್ದು ನೀರಿನ ಜೊತೆ ತಾನೇ ಬೀಳುತ್ತದೆ, ಇದು ಬೀಳುವುದು ಕಷ್ಟ. ಎರಡು ವಾರ ಗುಳಿಗೆ ನುಂಗಿ ನೋಡೋಣ, ಬೀಳದಿದ್ದರೆ ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ಲೇಸರಿನಿಂದ ಒಡೆದು, ಒಳಗೊಂದು ಸಣ್ಣ ನಳಿಗೆ ಇಟ್ಟು, ಕೆಲವು ವಾರಗಳ ಮೇಲೆ ತೆಗೆಯುತ್ತೇವೆ. ಕೊಯ್ಯುವುದಿಲ್ಲ, ಹೆದರಬೇಡಿ. ಆದರೆ ತಡ ಮಾಡಬೇಡಿ ಎಂಬುದನ್ನು ಎರಡು ಸಲ ಹೇಳಿದ್ದರು. ನೀರು ಕಮ್ಮಿಯಾದರೆ ಉಪ್ಪಿನಂಶ ಹೆಪ್ಪುಗಟ್ಟುತ್ತದೆ, ನಿಮಗೆ ನಾನೇನು ಹೇಳಲಿ ಸರ್, ನೀವು ವಿಜ್ಞಾನದವರು ಎಂದೂ ಹೇಳಿದ್ದರು. ದಾರಿಯಲ್ಲಿ ಬಸ್ಸಿನಲ್ಲಿ ಸುಮನ ಒಂದೇ ಮಾತಾಡಿದಳು: ಇಪ್ಪತ್ತು ವರ್ಷ ಆಯಿತು ಮದುವೆಯಾಗಿ, ನೀವು ಒಬ್ಬರ ಮನೆಯಲ್ಲೂ ನೀರು ಕೊಡಿ ಎಂದು ಕೇಳಿದ್ದನ್ನು ನಾನು ನೋಡಿಲ್ಲ.

ಕೇಳಬಾರದು ಎಂದು ಹೇಳಿಕೊಟ್ಟವಳು ಅವ್ವ. ಆಯಿ ಎಂದು ಕರೆಯುತ್ತಿದ್ದ ಜಿಜಾಬಾಯಿ ಸಾಲಿಗೆ ಹೊರಟ ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಎರಡು ತಂಬಿಗೆ ನೀರು ಕುಡಿಸಿ, ಸಂಜೆ ಬರುವ ತನಕ ಬಾಯಿ ಮುಚ್ಚಿಕೊಂಡಿರು ಬಾಳಾ, ಯಾರ ಮುಂದೆಯೂ ಬಾಯಿ ತೆರೆಯಬೇಡ ಎನ್ನುತ್ತಿದ್ದಳು. ಒಂದು ಬೇಸಿಗೆಯಲ್ಲಿ ಅದನ್ನು ಮೀರಿದ. ಜೊತೆಯಲ್ಲಿ ಓದುತ್ತಿದ್ದ ಕಾಶೀನಾಥ ತನ್ನ ಮನೆಗೆ ಕರೆದೊಯ್ದಿದ್ದ. ಅಂಗಳದಲ್ಲಿ ಕುರಿಹಟ್ಟಿ, ಬೇವಿನ ನೆರಳು, ನೆರಳಲ್ಲಿ ಕುಡಿಯುವ ನೀರಿನ ಮಣ್ಣಿನ ಹರವಿ. ಕಾಶೀನಾಥನ ಅವ್ವ ಸತ್ಯಮ್ಮ ಮಗನಿಗೆ ತಂಬಿಗೆ ಕೊಟ್ಟಳು. ಅವನು ತುಟಿ ಹಚ್ಚಿ ಗಟಗಟ ಕುಡಿದ. ಆಮೇಲೆ ಉತ್ತಮನಿಗೆ ಬಗ್ಗು ಎಂದಳು. ಬಗ್ಗಿ ಬೊಗಸೆ ಹಿಡಿದ. ಎತ್ತರದಿಂದ ನೀರು ಬಿತ್ತು. ಬೈಯಲಿಲ್ಲ, ಮುಖ ಕೆಡಿಸಲಿಲ್ಲ. ಸುರಿಯುತ್ತಲೇ, ಜಿಜಾ ಹೇಗಿದ್ದಾಳೆ, ಈ ವರ್ಷ ನಮ್ಮ ಹೊಲದ ಹೆಸರುಕಾಯಿ ಕೀಳಲು ಬರುತ್ತಾಳೇನು ಎಂದು ಪ್ರೀತಿಯಿಂದಲೇ ಕೇಳಿದಳು. ಅವನ ಬೊಗಸೆ ಸಣ್ಣದು. ನೀರು ಮೊಳಕೈಯಿಂದ ಇಳಿದು ಚಡ್ಡಿ ತೊಯ್ದಿತು. ಮನೆಗೆ ಬಂದಾಗ ಆಯಿ ಚಡ್ಡಿ ನೋಡಿದಳು, ಅವನ ಮುಖ ನೋಡಿದಳು. ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲಿನ ವರ್ಷಗಳಲ್ಲಿ ಕಾಲ ಬದಲಾಯಿತು, ಅವನಿಗೆ ನೌಕರಿ ಬಂತು, ಊರಲ್ಲಿ ನಲ್ಲಿ ಬಂತು, ಯಾರೂ ಯಾರಿಗೂ ಬಗ್ಗು ಎನ್ನುವುದು ನಿಂತಿತು. ಮೈ ಮಾತ್ರ ಕಲಿತದ್ದನ್ನು ಬಿಡಲಿಲ್ಲ. ಮದುವೆ ಮನೆಯಲ್ಲಿ, ಟ್ರೈನಿಂಗಿನಲ್ಲಿ, ಸ್ಟಾಫ್ ರೂಮಿನಲ್ಲಿ ನೀರಿನ ಹತ್ತಿರ ಬಂದರೆ ಬಾಯಾರಿಕೆಯೇ ಇಂಗಿ ಹೋಗುತ್ತಿತ್ತು. ಉತ್ತಮ ಸರ್ ಒಂಟೆ ಇದ್ದಂಗ, ಸೋಮವಾರ ಕುಡಿದರೆ ಶನಿವಾರದ ತನಕ ನಡೀತದ ಎಂದು ಜೊತೆಯ ಮಾಸ್ತರರು ನಗುತ್ತಿದ್ದರು. ಅವನೂ ನಗುತ್ತಿದ್ದ. ಮೂತ್ರ ಕಡು ಹಳದಿಯಾಗಿ, ಉರಿಯುತ್ತ ಇಳಿಯುವುದೇ ಎಲ್ಲರಿಗೂ ಇರುವ ರೀತಿ ಅಂದುಕೊಂಡಿದ್ದ.

ಮಡೆಪ್ಪ ಯಾರಿಗೋ ಫೋನಿನಲ್ಲಿ ಟಗರಿನ ಬಗ್ಗೆ ಕೂಗಿ ಹೇಳುತ್ತಿದ್ದ. ಉತ್ತಮ ಬಾಟಲಿ ತೆಗೆದುಕೊಂಡು ಮತ್ತೆ ತುಟಿ ಹಚ್ಚಿ ಕುಡಿದ. ಹೊಟ್ಟೆಯ ಕೆಳಗೆ ಸಣ್ಣಗೆ ಭಾರ ಕೂತಿತು.

ಎರಡು ವಾರವಾದರೂ ಹರಳು ಬಿದ್ದಿರಲಿಲ್ಲ. ನೋವು ಬಂದು ಹೋಗಿ ಮಾಡುತ್ತಿತ್ತು. ಭಾಲ್ಕಿಗೆ ಹೋಗಬೇಕಾದ ದಿನ ಹತ್ತಿರ ಬಂದಂತೆ ಉತ್ತಮನಿಗೆ ದುರ್ಬೀನಿನ ಮಾತು ನೆನಪಾಗಿ ತೊಡೆಗಳು ಕೂಡಿಕೊಳ್ಳುತ್ತಿದ್ದವು. ಬಟ್ಟೆ ಬಿಚ್ಚಿಸಿ, ಕಾಲು ಅಗಲಿಸಿ, ನರ್ಸಮ್ಮಂದಿರ ಮುಂದೆ. ಆ ನರ್ಸಮ್ಮಂದಿರಲ್ಲಿ ತನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳಿದ್ದರೆ? ಸಂತಪುರದ ಅದೇ ಸತ್ಯಮ್ಮ ಮೈಯೊಳಗಿನ ಹರಳನ್ನು, ಜನರ ಬಾಯಲ್ಲಿ ಹಳ್ಳನ್ನು, ಬಾಯಿಯಿಂದ ಎಳೆದು ತೆಗೆಯುತ್ತಾಳೆ, ಝಹೀರಾಬಾದಿನಿಂದ, ದೇಗಲೂರಿನಿಂದ ಜನ ಬರುತ್ತಾರೆ ಎಂಬುದು ಅವನಿಗೆ ಹೊಸ ವಿಷಯವಲ್ಲ. ಅದರ ಗುಟ್ಟೂ ಗೊತ್ತಿತ್ತು. ಹೋದ ವರ್ಷದ ವಿಜ್ಞಾನ ದಿನದಂದು ದವಡೆಯಲ್ಲಿ ಒಂದು ಹರಳು ಇಟ್ಟುಕೊಂಡು, ಒಬ್ಬ ವಿದ್ಯಾರ್ಥಿಯ ತೋಳಿಗೆ ಬಾಯಿ ಹಚ್ಚಿ ಎಳೆದಂತೆ ಮಾಡಿ, ಅಂಗೈಗೆ ಉಗುಳಿ ತೋರಿಸಿದ್ದವನು ಅವನೇ. ಸಭೆಯೆಲ್ಲ ಚಪ್ಪಾಳೆ ಹೊಡೆದಿತ್ತು. ಚಪ್ಪಾಳೆಯ ಬಿಸಿಗೆ, ಇಂಥವರು ಜನರ ನೋವನ್ನು ತಿಂದು ಬದುಕುವವರು ಎಂದು ಬೇಡದ ಒಂದು ಮಾತನ್ನೂ ಸೇರಿಸಿದ್ದ. ಆಗ ಒಂಬತ್ತನೇ ಕ್ಲಾಸಿನ ಸಾಲಿನಿಂದ ಕಾಜಲ ಎದ್ದು ಹೊರಗೆ ಹೋದದ್ದನ್ನು ಅವನು ನೋಡಿದ್ದ. ಸತ್ಯಮ್ಮನ ಮೊಮ್ಮಗಳು; ದಿನಾ ಸಂತಪುರದ ಬಸ್ಸಿಗೆ ಬರುತ್ತಿದ್ದ, ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಿದ್ದ ಹುಡುಗಿ. ಅಂದಿನಿಂದ ಆಕೆ ಅವನ ಕ್ಲಾಸಿನಲ್ಲಿ ಒಮ್ಮೆಯೂ ಕೈ ಎತ್ತಲಿಲ್ಲ. ಹೆಸರು ಹಿಡಿದು ಕೇಳಿದರೆ ಉತ್ತರ ಹೇಳುತ್ತಿದ್ದಳು, ಬೋರ್ಡಿನ ಕಡೆ ನೋಡುತ್ತ.

ಆದಿತ್ಯವಾರ, ಆಯಿಯನ್ನು ನೋಡಿ ಬರುತ್ತೇನೆ ಎಂದು ಸುಮನಳಿಗೆ ಹೇಳಿ ಸಂತಪುರದಲ್ಲಿ ಇಳಿದ. ಆಯಿಯ ಮನೆಗೆ ಹೋಗಲಿಲ್ಲ. ಬೇವಿನ ಗಿಡ ಹಾಗೇ ಇತ್ತು, ಹರವಿಯ ಜಾಗದಲ್ಲಿ ಪ್ಲಾಸ್ಟಿಕ್ ಡ್ರಮ್ಮು. ಹತ್ತು ಹನ್ನೆರಡು ಜನ ಕೂತಿದ್ದರು. ಸತ್ಯಮ್ಮ ಅವನನ್ನು ನೋಡಿದ ಕೂಡಲೇ ಎದ್ದು, ಮಾಸ್ತರರನ್ನು ಎಲ್ಲರ ಮುಂದೆ ಕೂಡಿಸುವುದು ಸರಿಯಲ್ಲ ಎಂದು ಕುರಿಹಟ್ಟಿಯ ಹಿಂದಿನ ಕೋಣೆಗೆ ಕರೆದೊಯ್ದಳು. ಆ ಮರ್ಯಾದೆಗೆ ಅವನು ಒಳಗೊಳಗೇ ಕೈ ಮುಗಿದ.

"ನನ್ನ ಬಾಯಿ ಬಗ್ಗಿ ಸಾಲ್ಯಾಗ ಪಾಠ ಮಾಡೀರಂತ," ಎಂದಳು ಸತ್ಯಮ್ಮ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಕಾಜಲ ಎರಡು ದಿನ ಉಂಡಿಲ್ರಿ."

ಅಂಗಿ ತೆಗೆಯಿರಿ ಎಂದಳು, ತೆಗೆದ. ಆಕೆ ಚೆಂಬಿನ ನೀರಿನಿಂದ ಎರಡು ಸಲ ಬಾಯಿ ಮುಕ್ಕಳಿಸಿ ಉಗುಳಿ, ಅವನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು, ಬಾಯಿ ಅಗಲಿಸಿದಳು.

"ನೋಡ್ರಿ, ಏನರ ಅದ ಅಂದ್ರ ಹೇಳ್ರಿ."

ನಾಲಿಗೆಯ ಕೆಳಗೆ ನೋಡಬೇಕು, ದವಡೆಯ ಸಂದಿಯಲ್ಲಿ ನೋಡಬೇಕು, ಸೆರಗಿನ ಗಂಟು ನೋಡಬೇಕು. ನೂರೈವತ್ತು ಮಕ್ಕಳಿಗೆ ಇದನ್ನೇ ಹೇಳಿಕೊಟ್ಟಿದ್ದ. ಉತ್ತಮ ಕಣ್ಣು ಮುಚ್ಚಿಕೊಂಡ. ಯಾಕೆ ಮುಚ್ಚಿದೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡಿದ್ದಾನೋ. ದುರ್ಬೀನಿನ ಭಯ ಒಂದು ಕಾರಣ. ಆದರೆ ಅದಷ್ಟೇ ಅಲ್ಲ. ಎತ್ತರದಿಂದ ನೀರು ಸುರಿದ ಆ ಹೆಂಗಸು ಈಗ ತನ್ನ ಬೆನ್ನಿಗೆ ಬಾಯಿ ಹಚ್ಚುತ್ತಾಳೆ. ಅದು ಆಗಲಿ ಎಂದು ಅವನಿಗಿತ್ತು. ಹರಳು ಹೋಗಲಿ ಬಿಡಲಿ, ಅದೊಂದು ಆಗಲಿ. ಕವುಚಿ ಮಲಗಿದ. ಆಕೆ ಒಂದು ಬಿಳಿ ಬಟ್ಟೆಯನ್ನು ಎರಡು ಪದರು ಮಡಿಚಿ, ನೀರಲ್ಲಿ ಅದ್ದಿ ಹಿಂಡಿ, ಎಡಪಕ್ಕೆಯ ಮೇಲೆ ಹಾಸಿದಳು. ಅದರ ಮೇಲೆ ಬಾಯಿ ಇಟ್ಟಳು. ತಂಪು ಬಟ್ಟೆಯ ಆಚೆ ಬಿಸಿ ಉಸಿರು. ಹಲ್ಲಿಲ್ಲದ ಒಸಡಿನ ಒತ್ತಡ. ಮೈಯೊಳಗಿನದನ್ನೆಲ್ಲ ಹೊರಗೆ ಕರೆಯುವಂಥ ಎಳೆತ. ನೆಲಕ್ಕೆ ಮುಖ ಒತ್ತಿಕೊಂಡಿದ್ದ ಉತ್ತಮನ ಕಣ್ಣಿನಿಂದ ನೀರಿಳಿಯಿತು. ಮೂವತ್ತಾರು ವರ್ಷದ ಹಿಂದಿನ ತೊಯ್ದ ಚಡ್ಡಿ ಈಗ ಒಣಗಿತು ಎಂದು ಏನೋ ಹುಚ್ಚುಚ್ಚಾಗಿ ಅನಿಸಿತು. ಸತ್ಯಮ್ಮ ಅಂಗೈಗೆ ಉಗುಳಿ ತೋರಿಸಿದ ಹರಳು ಹುಣಸೆಬೀಜದ ಬಣ್ಣದ್ದು, ಜೋಳದ ಕಾಳಿನಷ್ಟು.

ಮೂರನೆಯ ದಿನಕ್ಕೆ ನೋವು ನಿಂತೇ ಹೋಯಿತು. ಒಂದು ವಾರ, ಒಂದು ತಿಂಗಳು, ಐದು ತಿಂಗಳು. ಗುಳಿಗೆ ಬಿಟ್ಟ. ಭಾಲ್ಕಿಗೆ ಹೋಗೋಣ, ಇನ್ನೊಮ್ಮೆ ಸ್ಕ್ಯಾನ್ ಮಾಡಿಸೋಣ ಎಂದ ಸುಮನಳಿಗೆ ಬಚ್ಚಲಲ್ಲಿ ತಾನೇ ಬಿತ್ತು ನೋಡು ಎಂದು ಗುಳಿಗೆಯ ಡಬ್ಬಿಯಲ್ಲಿ ಹಾಕಿಟ್ಟ ಹರಳು ತೋರಿಸಿದ. ಸುಮನ ಅದನ್ನು ಅಂಗೈಯಲ್ಲಿ ಹಾಕಿಕೊಂಡು, ಇಷ್ಟಕ್ಕೆ ಅಷ್ಟು ನೋವೇ ಎಂದು ಬಹಳ ಹೊತ್ತು ನೋಡಿದಳು. ಆಮೇಲೆ ಸಂತಪುರಕ್ಕೆ ಫೋನು ಮಾಡಿದಳು. ಆಯಿ ಆ ಸಂಜೆ ತಮ್ಮವರ ಓಣಿಯ ಬುದ್ಧ ವಿಹಾರಕ್ಕೆ ಹೋಗಿ ಮೇಣಬತ್ತಿ ಹಚ್ಚಿ ಬಂದಳಂತೆ. ಈ ವರ್ಷದ ವಿಜ್ಞಾನ ದಿನಕ್ಕೆ ಗಂಟಲು ಸರಿಯಿಲ್ಲ ಎಂದು ಹೆಡ್ ಮಾಸ್ತರರಿಗೆ ಹೇಳಿ ಹಿಂದಿನ ಸಾಲಿನಲ್ಲಿ ಕೂತ. ನಾಚಿಕೆ ಇತ್ತು. ಆದರೆ ನಾಚಿಕೆಯ ಅಡಿಯಲ್ಲಿ ಸಣ್ಣದೊಂದು ಸುಖವೂ ಇತ್ತು, ಅದನ್ನು ಒಬ್ಬರಿಗೂ ಹೇಳುವಂತಿರಲಿಲ್ಲ. ಅದರ ಬಲದಿಂದಲೇ ಒಂದು ದಿನ ಸ್ಟಾಫ್ ರೂಮಿನ ಗಡಿಗೆಯಿಂದ ಅರ್ಧ ಗ್ಲಾಸು ನೀರು ತೆಗೆದುಕೊಂಡು ಕುಡಿದಿದ್ದ. ಒಂಟೆ ಹಳ್ಳಕ್ಕ ಇಳೀತು ಎಂದು ಯಾರೋ ನಕ್ಕಿದ್ದರು. ಹೋದ ತಿಂಗಳು ಸಾಲಿಗೆ ಬಂದ ತಪಾಸಣೆಯವರು ಬಿ.ಪಿ. ಹೆಚ್ಚಿದೆ ಎಂದರು, ರಕ್ತ ತೆಗೆದವರು ಕಿಡ್ನಿಯ ಲೆಕ್ಕ ಸ್ವಲ್ಪ ಏರಿದೆ, ಬೀದರಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದರು. ಇವತ್ತು ಬರುವಾಗ ಬಸ್ಸು ಸಂತಪುರದಲ್ಲಿ ನಿಂತಾಗ ಅವನು ಕಿಟಕಿಯಿಂದ ಮುಖ ತಿರುಗಿಸಿಕೊಂಡಿದ್ದ.

"ಸಂತಪುರ ಅಂದ್ರಿ ಅಲ್ರೀ, ಹಂಗಾರ ಸತ್ಯಮ್ಮ ಗೊತ್ತಿರ್ಬೇಕಲ್ಲ?" ಮಡೆಪ್ಪನ ಫೋನು ಮುಗಿದಿತ್ತು. "ನಂದು ಮೂರು ಸಲ ತಗದಾಳ್ರಿ ಆಕಿ. ತಗದಂಗ ತಗದಂಗ ಹುಟ್ತಾವ ನೋಡ್ರಿ, ಏನ್ ಮಾಡೋದು. ಮಗ ಕೇಳಲಿಲ್ಲ, ಮಶೀನ್ನಾಗ ನೋಡಿಸ್ಕೊಂಡು ಬಾ ಅಂದ."

ಉತ್ತಮ ಹೂಂ ಎಂದ. ಮಡೆಪ್ಪ ಅಷ್ಟಕ್ಕೆ ನಿಲ್ಲಲಿಲ್ಲ. ಅಂಗಿಯ ಹಿಂಬದಿ ಎತ್ತಿ, ತಿರುಗಿ, ತನ್ನ ಬಲಪಕ್ಕೆ ತೋರಿಸಿದ. ಅಲ್ಲಿ ಹಳೆಯ ರಕ್ತ ಹೆಪ್ಪುಗಟ್ಟಿದ ನೀಲಿ ಮಚ್ಚೆ, ಬಾಯಿಯ ಆಕಾರದ್ದು. ಇದು ಮೊನ್ನೆಯ ಆದಿತ್ಯವಾರದ್ದು ಎಂದ. ಮುದುಕಿಗೆ ಹಲ್ಲಿಲ್ಲದಿದ್ದರೂ ಎಳೆತ ಹಾಗಿದೆ, ಚರ್ಮ ಕಿತ್ತುಕೊಂಡು ಹೋದಂಗ ಆಗುತ್ತದೆ ಎಂದ.

ಉತ್ತಮನ ತಲೆಯಲ್ಲಿ ಏನೋ ನಿಧಾನಕ್ಕೆ ಮಗ್ಗುಲು ಬದಲಿಸಿತು. ಬಟ್ಟೆಯ ಮೇಲಿಂದ ಎಳೆದರೂ ಹೀಗೆ ಕಲೆ ಬೀಳುತ್ತದೆಯೇ ಎಂದು ಕೇಳಿದ. ಕೇಳುವಾಗ ತನ್ನ ಧ್ವನಿ ಕ್ಲಾಸಿನಲ್ಲಿ ಪ್ರಶ್ನೆ ಕೇಳುವ ಧ್ವನಿಯ ಹಾಗೆ ಸಮ ಇರುವಂತೆ ನೋಡಿಕೊಂಡ.

"ಬಟ್ಟಿ? ಯಾ ಬಟ್ಟೀರಿ? ಬಟ್ಟಿ ಹಾಕಿದ್ರ ಹಳ್ಳು ಹ್ಯಾಂಗ ಬರ್ತದ? ನಾಕು ಮಂದೀದು ಎದುರಿಗೆ ಕುಂತು ನೋಡೀನಿ. ಆಕಿ ಯಾರಿಗೂ ಬಟ್ಟಿ ಹಾಕಂಗಿಲ್ಲ. ಸೀದಾ ಮೈಗಿ ಬಾಯಿ."

ಎರಡು ಪದರು. ಒಂದಲ್ಲ, ಎರಡು. ಕುರಿಹಟ್ಟಿಯ ಹಿಂದಿನ ಕೋಣೆ, ಯಾರೂ ನೋಡದ ಹಾಗೆ, ಮಾಸ್ತರರ ಮರ್ಯಾದೆ. ಉತ್ತಮ ತನ್ನ ಬೆನ್ನಿನ ಮೇಲೆ ಮಚ್ಚೆ ಹುಡುಕಿದ್ದು ನೆನಪಾಯಿತು. ಮರುದಿನ ಬಚ್ಚಲಿನಲ್ಲಿ ಸುಮನಳ ಕೈಗನ್ನಡಿ ಹಿಡಿದು ತಿರುತಿರುಗಿ ನೋಡಿದ್ದ, ಏನೂ ಇರಲಿಲ್ಲ, ಒಳ್ಳೆಯದಾಯಿತು ಸುಮನಳಿಗೆ ಕಾಣುವುದಿಲ್ಲ ಎಂದುಕೊಂಡಿದ್ದ. ಹೊಟ್ಟೆಯ ಕೆಳಗಿನ ಭಾರ ಈಗ ಇರಿಯತೊಡಗಿತ್ತು. ಎದ್ದು ಅರ್ಶಿಯಾಳ ಹತ್ತಿರ ಹೋಗಿ ಆಯಿತು ಎಂದ. ಆಕೆ ಇನ್ನೂ ಮೂವರಿದ್ದಾರೆ, ತಡಕೊಳ್ಳಿ ಎಂದಳು. ಸುಮನ ಝೆರಾಕ್ಸ್ ಹಿಡಿದು ಬಂದು ಪಕ್ಕದಲ್ಲಿ ನಿಂತಳು. ಅವನು ಕೂರಲಾರದೆ, ನಿಲ್ಲಲಾರದೆ, ಗೋಡೆಗೆ ಹಣೆ ಹಚ್ಚಿ, ಕಾಲಿಗೆ ಕಾಲು ಹೆಣೆದುಕೊಂಡು ಕಾಯ್ದ. ಬಾಯಾರಿಕೆಯನ್ನು ತಡೆದುಕೊಳ್ಳಲು ಕಲಿತವನಿಗೆ ಇದನ್ನು ತಡೆದುಕೊಳ್ಳುವುದು ಯಾರೂ ಕಲಿಸಿರಲಿಲ್ಲ.

ಡಾಕ್ಟರ್ ಮುಜೀಬೋದ್ದೀನ ವಯಸ್ಸಾದವರು, ಕತ್ತಲ ಕೋಣೆಯಲ್ಲಿ ಪರದೆಯ ಬೆಳಕು ಮಾತ್ರ ಅವರ ಕನ್ನಡಕದ ಮೇಲೆ. ತಣ್ಣನೆ ಅಂಟು ಹಚ್ಚಿ ಹೊಟ್ಟೆಯ ಮೇಲೆ, ಪಕ್ಕೆಯ ಮೇಲೆ ಯಂತ್ರ ಆಡಿಸಿದರು. ಎಡಗಡೆಗೆ ಬಂದಾಗ ಕೈ ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು. ನೋವು ಯಾವಾಗ ನಿಂತಿತು ಎಂದು ಕೇಳಿದರು. ಐದು ತಿಂಗಳಾಯಿತು ಎಂದ. ಅವರು ತಲೆಯಾಡಿಸಿದರು, ಆ ಉತ್ತರ ಮೊದಲೇ ಗೊತ್ತಿದ್ದವರ ಹಾಗೆ. ಹೋಗಿ ಮೂತ್ರ ಮಾಡಿ ಬನ್ನಿ ಎಂದು ಕಳಿಸಿ, ಬಂದ ಮೇಲೆ ಮತ್ತೊಮ್ಮೆ ನೋಡಿ, ಸುಮನಳನ್ನೂ ಒಳಗೆ ಕರೆದರು.

"ಹಳ್ಳು ಇದ್ದಲ್ಲೇ ಅದ, ಮಾಸ್ತರಸಾಬ್. ಒಂದು ಇಂಚು ಸೈತ ಸರದಿಲ್ಲ. ಮ್ಯಾಲ ಕಿಡ್ನಿ ಬಲೂನಿನಂಗ ಉಬ್ಬ್ಯದ, ಸುತ್ತಿನ ಮಾಂಸ ಕಾಗದದಂಗ ತೆಳ್ಳಗಾಗ್ಯದ." ಸ್ವಲ್ಪ ತಡೆದು ಸೇರಿಸಿದರು: "ನೋವು ನಿಂತಿದ್ದು ಆರಾಮ ಆಗಿ ಅಲ್ಲ. ಅದು ಕೆಲಸ ಬಿಟ್ಟದ, ಅದಕ್ಕ ಸುಮ್ಮನಾಗ್ಯದ."

ಉಳಿದದ್ದನ್ನು ಅವರು ಸುಮನಳಿಗೆ ಹೇಳಿದರು. ನಾಳೆಯೇ ದೊಡ್ಡ ಆಸ್ಪತ್ರೆಗೆ ತೋರಿಸಿ. ಬೇರೆ ಒಂದು ಪರೀಕ್ಷೆ ಇದೆ, ಯಾವ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಪಾಲು ಹಾಕಿ ತೋರಿಸುತ್ತದೆ. ಜೀವ ಇನ್ನೂ ಇದ್ದರೆ ಮೊದಲು ನಳಿಗೆ ಹಾಕಿ ನೀರು ಇಳಿಸಿ, ಆಮೇಲೆ ಹಳ್ಳು ಒಡೆಯುತ್ತಾರೆ. ಇಲ್ಲದಿದ್ದರೆ ಅದನ್ನು ತೆಗೆದು ಹಾಕುವುದೊಂದೇ ದಾರಿ. ಬಲಗಡೆಯದು ಚೆನ್ನಾಗಿದೆ, ಒಂದರ ಮೇಲೆ ಎಷ್ಟೋ ಜನ ಬದುಕಿದ್ದಾರೆ. ಮೊದಲೇ ಬಂದಿದ್ದರೆ, ಎಂದು ಶುರು ಮಾಡಿ, ಉತ್ತಮನ ಮುಖ ನೋಡಿ, ಮಾತನ್ನು ಅಲ್ಲಿಗೇ ಬಿಟ್ಟರು.

ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂತರು. ಮಡೆಪ್ಪ ಸರಿದು ಜಾಗ ಮಾಡಿಕೊಟ್ಟ. ಬಾಟಲಿ ನಡುವೆಯೇ ಇತ್ತು. ಸುಮನ ಕೈಯಲ್ಲಿನ ಝೆರಾಕ್ಸನ್ನು ಸುರುಳಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆಕೆ ಅಳಬಹುದು ಎಂದು ಉತ್ತಮ ಕಾದ. ಆಕೆ ಅಳಲಿಲ್ಲ.

"ಹಂಗಾದ್ರ ಆ ಡಬ್ಬ್ಯಾಗಿನ ಹಳ್ಳು ಯಾರ್ದ್ರಿ?"

ಸುಳ್ಳುಗಳು ಇನ್ನೂ ಒಂದೆರಡು ಇದ್ದವು. ಅದು ಬೇರೆ ಹರಳು, ಎರಡಿದ್ದವು, ಒಂದು ಬಿತ್ತು. ಆಕೆ ನಂಬುತ್ತಿದ್ದಳೇನೋ. ಸತ್ಯಮ್ಮ ಕೊಟ್ಟದ್ದು ಎಂದ, ಮಡೆಪ್ಪನಿಗೆ ಕೇಳದಷ್ಟು ಮೆಲ್ಲಗೆ. ಸುಮನಳಿಗೆ ಸತ್ಯಮ್ಮನ ಹರವಿಯ ಕತೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ, ನಗುತ್ತ ಹೇಳುವ ಕತೆ ಎಂಬಂತೆ, ಅವನೇ ಹೇಳಿದ್ದ.

"ಆಯಿ ಆ ಕಲ್ಲಿಗಿ ಮೇಣಬತ್ತಿ ಹಚ್ಚಿದ್ಳು," ಎಂದು ಎದ್ದು, ರಿಪೋರ್ಟು ತರಲು ಕೌಂಟರಿನ ಕಡೆ ಹೋದಳು.

ಆಕೆಯ ಬೆನ್ನನ್ನು ನೋಡುತ್ತ ಉತ್ತಮ ಕೂತ. ಕಿಡ್ನಿ ಹೋಯಿತು ಎಂಬುದು ಇನ್ನೂ ಒಳಗೆ ಇಳಿದಿರಲಿಲ್ಲ, ಇಳಿದದ್ದು ಬಟ್ಟೆ. ಆಕೆ ಬಟ್ಟೆ ಹಾಕದೆ ಇದ್ದಿದ್ದರೂ ಹರಳು ಇದ್ದಲ್ಲೇ ಇರುತ್ತಿತ್ತು, ಕಿಡ್ನಿ ಹೀಗೇ ಉಬ್ಬುತ್ತಿತ್ತು. ವಿಜ್ಞಾನದ ಪ್ರಕಾರ ಬಟ್ಟೆಯಿಂದ ಏನೂ ವ್ಯತ್ಯಾಸವಿಲ್ಲ. ಆದರೂ ಯಾವನಾದರೂ ಈಗ ಬಂದು, ಕಿಡ್ನಿ ಇಲ್ಲವೇ ಬಟ್ಟೆಯಿಲ್ಲದ ಆ ಬಾಯಿ, ಎರಡರಲ್ಲಿ ಒಂದನ್ನು ಕೊಡುತ್ತೇನೆ, ಯಾವುದು ಬೇಕು ಎಂದು ಕೇಳಿದರೆ ತಾನು ಏನು ಕೇಳಿಬಿಡುತ್ತೇನೋ ಎಂದು ಅವನಿಗೆ ಭಯವಾಯಿತು. ಮೋಸ ಮಾಡಿದಳು ಎಂದು ಸಿಟ್ಟು ಬರಬೇಕಿತ್ತು. ಹರಳಿನ ಮೋಸ ಅವನಿಗೆ ಮೊದಲೇ ಗೊತ್ತಿದ್ದದ್ದು. ಕಾಜಲಳ ಮುಖ ಕಣ್ಣ ಮುಂದೆ ಬಂತು, ಬೋರ್ಡಿನ ಕಡೆ ನೋಡುತ್ತ ಉತ್ತರ ಹೇಳುವ ಮುಖ. ಆ ಹುಡುಗಿಗೆ ಬಟ್ಟೆಯ ವಿಷಯ ಗೊತ್ತಿರಬಹುದೇ? ಅಜ್ಜಿ ಮನೆಯಲ್ಲಿ ಹೇಳಿರಬಹುದೇ?

ಡಾಕ್ಟರು ಏನಂದರು ಎಂದು ಮಡೆಪ್ಪ ಕೇಳಿದ. ಹಳ್ಳು ಹಾಗೇ ಇದೆಯಂತೆ ಎಂದ ಉತ್ತಮ. ಮಡೆಪ್ಪ ಚುಚ್ ಎಂದು ನಾಲಿಗೆ ಲೊಚಗುಟ್ಟಿ, ಹೆದರಬ್ಯಾಡ್ರಿ ಎಂದು ಸಮಾಧಾನ ಹೇಳಿ, ಬಾಟಲಿಯನ್ನು ಇವನ ಕಡೆ ಸರಿಸಿದ. ಆಮೇಲೆ ಏನೋ ನೆನಪಾದವನಂತೆ ಕೇಳಿದ.

"ಸಂತಪುರದಾಗ ನಮ್ಮ ಬೀಗರು ಭಾಳ ಮಂದಿ ಅದಾರ. ನಿಮ್ದು ಯಾ ಓಣಿರಿ ಮಾಸ್ತರ್ರ?"

"ವಿಹಾರದ ಬಾಜೂಕರಿ."

"ಹೌದೇನ್ರಿ," ಎಂದ ಮಡೆಪ್ಪ.

ಮಡೆಪ್ಪ ಬಾಟಲಿಯ ಮುಚ್ಚಳವನ್ನು ತಿರುವಿ ಬಿಗಿ ಮಾಡಿ, ಅದನ್ನು ಎತ್ತಿ ತನ್ನ ಆಚೆಯ ಮಗ್ಗುಲಿಗೆ ಇಟ್ಟುಕೊಂಡ. ಅರ್ಶಿಯಾ ಅವನ ಹೆಸರು ಕೂಗಿದಳು. ಎದ್ದ. ಹೆಗಲ ಮೇಲಿನ ಕೆಂಪು ಅಂಚಿನ ಟವೆಲ್ಲನ್ನು ಜಾಗ ಹಿಡಿಯಲು ಬೆಂಚಿನ ಮೇಲೆ ಹಾಸಿದ. ಎರಡು ಹೆಜ್ಜೆ ಹೋದವನು ತಿರುಗಿ ಬಂದು, ಉತ್ತಮನ ಕಡೆ ನೋಡದೆ, ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದ.

ಸುಮನ ರಿಪೋರ್ಟಿನ ದೊಡ್ಡ ಲಕೋಟೆ ಹಿಡಿದು ಬಂದಳು. ಎಲ್ಲಿ ಕೂರುತ್ತಿದ್ದೇನೆ ಎಂದು ನೋಡದೆ, ಟವೆಲ್ಲಿನ ಮೇಲೆ ಕೂತಳು. ಉತ್ತಮ ಏಳು ಎನ್ನಲಿಲ್ಲ.